ಅಡಿಕೆಗೆ ಹೋದ ಮಾನ

ಬೇಸಿಗೆಯ ರಜೆ ಹತ್ತಿರ ಬಂತೆಂದರೆ ನಮ್ಮಂಥ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಎರಡು ಬಗೆಯ ಗಡಿಬಿಡಿ ಸುರುವಾಗುತ್ತದೆ. ಊರಿನಿಂದ ಬರುವವರದ್ದು ಒಂದು, ಊರ ಕಡೆಗೆ ಹೋಗುವವರದ್ದು ಇನ್ನೊಂದು. ಬಂದವರಿಗೆ ಗೇಟ್‌ವೇ, ರಾಣಿಬಾಗ್, ಹಾಜಿ ಅಲಿ, ಮಹಾಲಕ್ಷ್ಮಿ ತೋರಿಸಬೇಕು. ಹೋಗುವ ನೆರೆಹೊರೆಯ ಮರಾಠಿ, ಗುಜರಾತಿ ಮಂದಿಗೆ ಹಂಪಿ, ಬಾದಾಮಿ, ಜೋಗ, ಮೈಸೂರುಗಳ ವಿವರವನ್ನು ಚೀಟಿಯಲ್ಲಿ ಬರೆದುಕೊಡಬೇಕು. ನಲವತ್ತು ವರ್ಷ ಇದೇ ಕೆಲಸ ಮಾಡಿ ಮಾಡಿ ನಾವು ಸಂಬಳವಿಲ್ಲದ ಪ್ರವಾಸ ಇಲಾಖೆಯೇ ಆಗಿಬಿಟ್ಟಿದ್ದೇವೆ. ನಮ್ಮ ಓದುಗರಲ್ಲಿ ಅನೇಕರು ಇದೇ ಇಲಾಖೆಯ ಸಿಬ್ಬಂದಿಯೆಂಬುದು ನಮಗೆ ಗೊತ್ತು.

ಈ ಇಲಾಖೆಯಲ್ಲಿ ದುಡಿದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಊರಿಗೆ ಬಂದ ಅತಿಥಿ ಮೊದಲು ನೋಡುವುದು ದೇವಾಲಯವನ್ನಲ್ಲ, ಸಮುದ್ರವನ್ನಲ್ಲ, ಅರಮನೆಯನ್ನೂ ಅಲ್ಲ. ಅವನು ಮೊದಲು ನೋಡುವುದು ನಿಲ್ದಾಣದ ಹೊರಗೆ ನಿಂತ ಟ್ಯಾಕ್ಸಿ ಅಥವಾ ರಿಕ್ಷಾದವನ ಮುಖವನ್ನು. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎಂಬ ಗಾದೆಯಲ್ಲಿ ಪೂಜಾರಿಯ ಜಾಗದಲ್ಲಿ ಟ್ಯಾಕ್ಸಿಯವನನ್ನು ಕೂರಿಸಿದರೆ ಪ್ರವಾಸೋದ್ಯಮದ ಅರ್ಧ ಕಥೆ ಮುಗಿಯಿತು. ಉಳಿದ ಅರ್ಧವನ್ನು ನಾವು ನಮ್ಮ ಮನೆಯಲ್ಲೇ ಕಲಿತೆವು. ಅದನ್ನೇ ಇಲ್ಲಿ ಹೇಳಬೇಕೆಂದಿದ್ದೇವೆ.

1986ರ ಮಾತು. ಆಗ ನಾವು ವಡಾಳಾದ ಒಂದು ಹಳೆಯ ಕಟ್ಟಡದಲ್ಲಿ ಬಿಡಾರ ಮಾಡಿದ್ದೆವು. ಒಂದು ಕೋಣೆ, ಒಂದು ಅಡಿಗೆಮನೆ, ಮುಂದೆ ಉದ್ದನೆಯ ಸಾಮಾಯಿಕ ಪಡಸಾಲೆ. ಧಾರವಾಡದ ಕಡೆಯ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದ ನಮ್ಮ ಅಪ್ಪ ಅದೇ ವರ್ಷ ನಿವೃತ್ತರಾಗಿದ್ದರು. ಎಂಟು ವರ್ಷದಿಂದ ಕರೆಯುತ್ತಿದ್ದೆವು. 'ಸಾಲಿ ಬಿಟ್ಟು ಹ್ಯಾಂಗ ಬರ್ಲಿ' ಎನ್ನುತ್ತಿದ್ದವರಿಗೆ ಈಗ ಆ ನೆವ ಉಳಿದಿರಲಿಲ್ಲ. ಹುಬ್ಬಳ್ಳಿಯಿಂದ ರಾತ್ರಿ ಬಸ್ಸಿಗೆ ಹತ್ತುವುದಾಗಿಯೂ ಬೆಳಿಗ್ಗೆ ಏಳರ ಸುಮಾರಿಗೆ ಸಾಯನ್‌ನಲ್ಲಿ ಇಳಿಯುವುದಾಗಿಯೂ ಕಾಗದ ಬಂತು.

ನಾವು ಆರೂವರೆಗೇ ಸಾಯನ್‌ನಲ್ಲಿ ಹಾಜರು. ಏಳಾಯಿತು, ಎಂಟಾಯಿತು, ಅಪ್ಪನ ಸುಳಿವಿಲ್ಲ. ವಿಚಾರಿಸಿದರೆ ಆ ಬಸ್ಸು ಅಂದು ಐದೂವರೆಗೇ ಬಂದು ಹೋಗಿತ್ತು. ಎದೆ ಧಸಕ್ಕೆಂದಿತು. ಓಡುತ್ತ ಮನೆಗೆ ಬಂದು ನೋಡಿದರೆ ಅಪ್ಪ ಪಡಸಾಲೆಯ ಕುರ್ಚಿಯಲ್ಲಿ ಕುಳಿತು ಚಹ ಕುಡಿಯುತ್ತಿದ್ದಾರೆ. ಸುತ್ತಲೂ ನಮ್ಮ ಮಕ್ಕಳು ಮತ್ತು ಕಟ್ಟಡದ ಇತರ ಮಕ್ಕಳು. ಪಕ್ಕದಲ್ಲಿ ಬೆಲ್ಲದ ಗಂಟು, ರೊಟ್ಟಿಯ ಡಬ್ಬಿ, ಶೇಂಗಾ ಚಟ್ನಿ. ಮುಖದಲ್ಲಿ ಏನು ಕಳೆ!

'ಏನ್ ಊರಪಾ ಇದು! ಟ್ಯಾಕ್ಸಿ ಮಾಡಿಕೊಂಡು ಬಂದೆ. ಪುಣ್ಯಾತ್ಮ ಸಮುದ್ರದ ದಂಡಿಗುಂಟ ಕರಕೊಂಡು ಬಂದ. ನೀರಿನ ನಡುವ ಒಂದು ದರ್ಗಾ ಐತಿ ನೋಡು, ಅದನ್ನೂ ತೋರಿಸಿದ. ನಿಮ್ಮ ಮನಿ ಬಾಳ ದೂರ ಐತಿ ಬಿಡು' ಎಂದರು.

ನಾವು ಗಂಡ ಹೆಂಡತಿ ಮುಖ ಮುಖ ನೋಡಿಕೊಂಡೆವು. ಸಾಯನ್‌ನಿಂದ ವಡಾಳಾಕ್ಕೆ ಮೂರು ಕಿಲೋಮೀಟರು. ನೀರಿನ ನಡುವಿನ ದರ್ಗಾ ಎಂದರೆ ಹಾಜಿ ಅಲಿ. ಅದು ಊರಿನ ಇನ್ನೊಂದು ಮಗ್ಗುಲಿಗಿದೆ. ಸುಮ್ಮನಿರಬೇಕೆಂದು ನಾವು ಕಣ್ಣಿನಲ್ಲೇ ನಿಶ್ಚಯಿಸಿಕೊಂಡಿದ್ದೆವು. ಆದರೆ ಅಷ್ಟರಲ್ಲಿ ನಮ್ಮ ನೆರೆಯವರು ಬಾಗಿಲಿಗೆ ಬಂದು ನಿಂತಿದ್ದರು. ಕುಂದಾಪುರದ ಕಡೆಯವರು, ಸ್ವತಃ ಟ್ಯಾಕ್ಸಿ ಓಡಿಸುವವರು, ರಾತ್ರಿಪಾಳಿ ಮುಗಿಸಿ ಬಂದಿದ್ದರು. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ, 'ಎಷ್ಟು ತಗೊಂಡ ಮಾಷ್ಟ್ರೇ?' ಎಂದು ಕೇಳಿಬಿಟ್ಟರು.

'ತೊಂಬತ್ತು ರೂಪಾಯಿ.'

'ಅಯ್ಯೋ ದೇವರೇ! ಹತ್ತು ರೂಪಾಯಿ ಒಳಗಿನ ದಾರಿ ಅಲ್ಲವಾ ಇದು!'

ಆ ಮಾತು ಅವರ ಬಾಯಿಂದ ಜಾರಿದ್ದು ಅನುಕಂಪದಿಂದ. ಆದರೆ ಅಪ್ಪನ ಮುಖದ ಮೇಲಿನ ಕಳೆ ದೀಪ ಆರಿದಂತೆ ಆರಿದ್ದನ್ನು ನಾವು ಇಂದಿಗೂ ಮರೆತಿಲ್ಲ. ಮೂವತ್ತೈದು ವರ್ಷ ಹಳ್ಳಿಯ ಮಕ್ಕಳಿಗೆ ಲೆಕ್ಕ ಕಲಿಸಿದವರು ಸೊಸೆಯ ಮುಂದೆ, ಮೊಮ್ಮಕ್ಕಳ ಮುಂದೆ, ಗುರುತಿಲ್ಲದ ನೆರೆಯವರ ಮುಂದೆ ಲೆಕ್ಕದಲ್ಲಿ ಸೋತಂತಾಯಿತು. 'ಹೋಗ್ಲಿ ಬಿಡ್ರಿ, ದೊಡ್ಡ ಊರು' ಎಂದು ಚಹದ ಕಪ್ಪನ್ನು ಕೆಳಗಿಟ್ಟರು. ಅರ್ಧ ಚಹ ಹಾಗೇ ಉಳಿದಿತ್ತು.

ಇಂದಿನ ಹುಡುಗರಿಗೆ ಆ ಕಾಲದ ಮೀಟರಿನ ಕಥೆ ಹೇಳಿದರೆ ನಂಬುವುದಿಲ್ಲ. ಫಿಯಾಟ್ ಅಥವಾ ಪ್ರೀಮಿಯರ್ ಪದ್ಮಿನಿ ಕಾರಿನ ಎಡಬದಿಗೆ ಹೊರಗೆ ಒಂದು ಕಬ್ಬಿಣದ ಡಬ್ಬಿ. ಅದರ ಬಾವುಟವನ್ನು ಕೆಳಗೆ ತಿರುಗಿಸಿದರೆ ಮೀಟರು ಸುರು. ಆದರೆ ಮೀಟರು ತೋರಿಸುವ ಅಂಕಿ ಕೊಡಬೇಕಾದ ಹಣವಲ್ಲ. ಸರಕಾರ ದರ ಏರಿಸಿದಾಗಲೆಲ್ಲ ಸಾವಿರಾರು ಮೀಟರುಗಳ ಹಲ್ಲುಚಕ್ರ ಬದಲಿಸುವುದು ಆಗದ ಮಾತೆಂದು ಒಂದು ದರಪಟ್ಟಿ ಹೊರಡಿಸುತ್ತಿದ್ದರು. ಮೀಟರಿನಲ್ಲಿ ಇಷ್ಟು ಕಂಡರೆ ಕೊಡಬೇಕಾದದ್ದು ಇಷ್ಟು ಎಂದು ಆ ಕಾರ್ಡಿನಲ್ಲಿ ನೋಡಿಕೊಳ್ಳಬೇಕು. ಊರಿನವರು ಕಾರ್ಡು ಕೇಳುತ್ತಿದ್ದರು. ಹೊರಗಿನವರಿಗೆ ಅಂಥದೊಂದು ಕಾರ್ಡು ಇದೆಯೆಂಬುದೇ ಗೊತ್ತಿರಲಿಲ್ಲ. ನಮ್ಮ ಅಪ್ಪನಿಗೆ ಸುತ್ತುದಾರಿಯ ಏಟು ಒಂದು, ಬಾಯಿಲೆಕ್ಕದ ಏಟು ಇನ್ನೊಂದು, ಹೀಗೆ ಎರಡೂ ಬಿದ್ದಿದ್ದವು.

ನಮ್ಮ ನೆರೆಯವರಿಗೆ ಆಮೇಲೆ ಸಮಾಧಾನವೇ ಇಲ್ಲ. ತಮ್ಮ ಉದ್ಯೋಗದ ಮರ್ಯಾದೆ ಹೋಯಿತೆಂದು ಕೊರಗಿದರು. ನಂಬರು ಗೊತ್ತಿದ್ದರೆ ಹುಡುಕಿ ತರುತ್ತಿದ್ದೆ ಎಂದರು. ಅಪ್ಪ ನಂಬರು ನೋಡಿರಲಿಲ್ಲ. ಒಂದು ದಿನ ನನ್ನ ಗಾಡಿಯಲ್ಲೇ ಇಡೀ ಮುಂಬಯಿ ತೋರಿಸುತ್ತೇನೆ, ಒಂದು ಪೈಸೆ ಬೇಡ ಎಂದು ಅಂಗಲಾಚಿದರು. ಅಪ್ಪ ಒಪ್ಪಲಿಲ್ಲ. ಹತ್ತು ದಿನ ಇದ್ದರು. ಬೆಸ್ಟ್ ಬಸ್ಸು, ಲೋಕಲ್ ಗಾಡಿ, ಇಲ್ಲವೆ ಕಾಲ್ನಡಿಗೆ. ದೂರದ ಜಾಗವೆಂದರೆ 'ಬ್ಯಾಡ ಬಿಡು, ಇಲ್ಲೇ ಪಾಡ ಐತಿ' ಎಂದು ಮಕ್ಕಳಿಗೆ ಮಗ್ಗಿ ಹೇಳಿಸುತ್ತ ಕೂತುಬಿಡುತ್ತಿದ್ದರು. ಗೇಟ್‌ವೇ ನೋಡಲಿಲ್ಲ. ಎಲಿಫೆಂಟಾ ನೋಡಲಿಲ್ಲ.

ಹೊರಡುವ ದಿನ ಗಂಟು ಮೂಟೆ ಇದ್ದುದರಿಂದ ಟ್ಯಾಕ್ಸಿ ಬೇಕೇ ಆಯಿತು. ನೆರೆಯವರು ತಮ್ಮ ಗಾಡಿ ತಂದು ನಿಲ್ಲಿಸಿದರು. ಅಪ್ಪ ಹತ್ತುವ ಮುನ್ನ, 'ಮೀಟರ್ ಹಾಕು ತಮ್ಮಾ' ಎಂದರು.

'ನಿಮ್ಮ ಹತ್ರ ಎಂತ ಮೀಟರ್ ಮಾಷ್ಟ್ರೇ?'

'ಹಾಕು. ಇಲ್ಲಾಂದ್ರ ನಾ ಹತ್ತಂಗಿಲ್ಲ.'

ಬಾವುಟ ಕೆಳಗೆ ತಿರುಗಿತು. ದಾರಿಯುದ್ದಕ್ಕೂ ಅಪ್ಪ ಆ ಡಬ್ಬಿಯನ್ನೇ ನೋಡುತ್ತ ಕುಳಿತಿದ್ದರು. ಸಾಯನ್‌ನಲ್ಲಿ ಇಳಿದ ಮೇಲೆ ಕಾರ್ಡು ಕೇಳಿ ಪಡೆದು, ಕನ್ನಡಕ ಸರಿಮಾಡಿಕೊಂಡು ಬೆರಳಿಟ್ಟು ನೋಡಿದರು. ಏಳು ರೂಪಾಯಿ. ಎಣಿಸಿ ಕೊಟ್ಟರು.

'ಇಷ್ಟ ಏನು?' ಎಂದರು.

'ಇಷ್ಟೇ ಮಾಷ್ಟ್ರೇ' ಎಂದ ನೆರೆಯವರ ಕಣ್ಣಲ್ಲಿ ನೀರಿತ್ತು.

ಅಪ್ಪ ಮತ್ತೆ ಮುಂಬಯಿಗೆ ಬರಲಿಲ್ಲ. ಕರೆದಾಗಲೆಲ್ಲ ಹೊಲ, ಮಳೆ, ಮೊಣಕಾಲು ಎಂದು ಹೊಸ ಹೊಸ ನೆವ ಹುಟ್ಟುತ್ತಿದ್ದವು. ಟ್ಯಾಕ್ಸಿಯ ಮಾತನ್ನು ಒಂದು ದಿನವೂ ಎತ್ತಲಿಲ್ಲ. ನಾವೇ ವರ್ಷಕ್ಕೊಮ್ಮೆ ರಜೆಯಲ್ಲಿ ಹೋಗಿ ಬರುತ್ತಿದ್ದೆವು. ಮಕ್ಕಳು ಅಜ್ಜನ ಹತ್ತಿರ ಕಲಿಯಬಹುದಾಗಿದ್ದ ಕನ್ನಡವನ್ನು ವರ್ಷಕ್ಕೆ ಹದಿನೈದು ದಿನದ ಲೆಕ್ಕದಲ್ಲಿ ಕಲಿತರು. ಎಂಬತ್ತಮೂರು ರೂಪಾಯಿ ಹೆಚ್ಚಿಗೆ ತೆಗೆದುಕೊಂಡವನು ಆ ಸಂಜೆಗೇ ಅದನ್ನು ಮರೆತಿರಬೇಕು.

ಅತಿಥಿ ಮೋಸಹೋದರೆ ಏನಾಗುತ್ತದೆಂಬ ಪ್ರಶ್ನೆಗೆ ನಮ್ಮ ಉತ್ತರ ಇದು. ಅವನು ಜಗಳಾಡುವುದಿಲ್ಲ, ಪೋಲೀಸರಿಗೆ ಹೇಳುವುದಿಲ್ಲ, ದೂರಿನ ಅರ್ಜಿ ಬರೆಯುವುದಿಲ್ಲ. ಸುಮ್ಮನೆ ಮತ್ತೆ ಬರುವುದಿಲ್ಲ. ಬಾರದವರ ಹೆಸರು ಯಾವ ಇಲಾಖೆಯ ದಫ್ತರದಲ್ಲೂ ಬರುವುದಿಲ್ಲವಾದ್ದರಿಂದ ನಷ್ಟ ಎಷ್ಟೆಂದು ಯಾರಿಗೂ ತಿಳಿಯುವುದಿಲ್ಲ.

ಇದು ನಮಗೆ ಪೂರ್ತಿ ಅರ್ಥವಾದದ್ದು ನಾವೇ ಪ್ರವಾಸಿಗಳಾಗಿ ಹೊರಟಾಗ. 2019ರಲ್ಲಿ ಮಗನ ಸಂಸಾರದೊಂದಿಗೆ ನಾಲ್ಕು ದಿನ ಗೋವಾಕ್ಕೆ ಹೋಗಿದ್ದೆವು. ಮಡಗಾಂವ್ ನಿಲ್ದಾಣದಿಂದ ಹೊಟೆಲಿಗೆ ಹೋಗಲು ಟ್ಯಾಕ್ಸಿ ಕೇಳಿದರೆ ಮೀಟರಿನ ಮಾತೇ ಇಲ್ಲ. ಕೇಳಿದಷ್ಟು ಕೊಡಬೇಕು, ಇಲ್ಲವೆ ಬಿಸಿಲಲ್ಲಿ ನಿಲ್ಲಬೇಕು. ರೈಲಿನಲ್ಲಿ ಮುಂಬಯಿಯಿಂದ ಇಡೀ ಸಂಸಾರ ಬಂದ ಖರ್ಚಿಗಿಂತ ನಿಲ್ದಾಣದಿಂದ ಹೊಟೆಲಿಗೆ ಹೋದ ಖರ್ಚೇ ಹೆಚ್ಚಾಯಿತು.

ಆಮೇಲೆ ನಾವು ಮಾಡಿದ್ದೇನು? ಅಪ್ಪ ಮಾಡಿದ್ದನ್ನೇ. ಹಳೆ ಗೋವಾದ ಚರ್ಚುಗಳಿಗೆ ಹೋಗುವುದಿತ್ತು, ಮಂಗೇಶಿಗೆ ಹೋಗುವುದಿತ್ತು, ಆಗ್ವಾದ ಕೋಟೆಗೆ ಹೋಗುವುದಿತ್ತು. ಮತ್ತೆ ಆ ಚೌಕಾಶಿ ಯಾರಿಗೆ ಬೇಕೆಂದು ಎಲ್ಲವನ್ನೂ ಬಿಟ್ಟು ಹೊಟೆಲಿನ ಮುಂದಿನ ಮರಳಿನಲ್ಲೇ ಮೂರು ದಿನ ಕಳೆದೆವು. ಮಂಗೇಶಿಯ ಹೂವಿನಾಕೆ, ಕೋಟೆಯ ದಾರಿಯ ಎಳನೀರಿನವ, ಚರ್ಚಿನ ಬಳಿಯ ಗೈಡು, ಗೋಡಂಬಿಯ ಅಂಗಡಿಯವ, ಮಧ್ಯಾಹ್ನದ ಊಟದ ಖಾನಾವಳಿ, ಇವರಾರೂ ನಮ್ಮ ಮುಖ ಕಾಣಲಿಲ್ಲ. ಒಬ್ಬ ಟ್ಯಾಕ್ಸಿಯವನ ಕಿಸೆಗೆ ಹೆಚ್ಚಾಗಿ ಬಿದ್ದ ಕೆಲವು ನೂರು ರೂಪಾಯಿಗಾಗಿ ಐದಾರು ಜನರ ಕೈಗೆ ಬರಬೇಕಾಗಿದ್ದ ಹಣ ನಮ್ಮೊಂದಿಗೇ ಮುಂಬಯಿಗೆ ಮರಳಿತು. ಬಂದ ಮೇಲೆ ಹತ್ತು ಮನೆಯವರಿಗೆ ಈ ಕಥೆ ಹೇಳಿದೆವು. ಆ ಹತ್ತು ಮನೆಯಲ್ಲಿ ಎಷ್ಟು ಜನ ಗೋವಾದ ಯೋಚನೆ ಬಿಟ್ಟರೋ ದೇವರೇ ಬಲ್ಲ.

ಅಲ್ಲಿ ಇದು ಹಳೆಯ ಕಗ್ಗಂಟು. 2018ರಲ್ಲಿ ಸರಕಾರದ ಬೆಂಬಲದಿಂದ ಮೊಬೈಲಿನಲ್ಲಿ ಕರೆಯುವ ಟ್ಯಾಕ್ಸಿ ಸೇವೆ ಬಂದಾಗ ಟ್ಯಾಕ್ಸಿಯವರು ಸೇರಿ ವಿರೋಧಿಸಿದರು. 2024ರ ಕೊನೆಯಲ್ಲಿ ಗೋವಾಕ್ಕೆ ಬರುವವರು ಕಡಿಮೆಯಾಗುತ್ತಿದ್ದಾರೆ, ಅದೇ ಖರ್ಚಿನಲ್ಲಿ ಜನ ಥಾಯ್ಲೆಂಡಿಗೋ ವಿಯೆಟ್ನಾಮಿಗೋ ಹೋಗುತ್ತಿದ್ದಾರೆ ಎಂಬ ಚರ್ಚೆ ದೇಶದಲ್ಲೆಲ್ಲ ಎದ್ದಿತು. ಸರಕಾರ ಅದನ್ನು ಒಪ್ಪಲಿಲ್ಲ. ಅಂಕಿಸಂಖ್ಯೆಯ ವಾದ ಏನೇ ಇರಲಿ, ಆ ಚರ್ಚೆಯಲ್ಲಿ ದೂರಿದವರ ಬಾಯಲ್ಲಿ ಮತ್ತೆ ಮತ್ತೆ ಬಂದ ಮಾತು ಟ್ಯಾಕ್ಸಿಯದ್ದೇ.

ಹಾಗೆಂದು ಒಂದೇ ಪಕ್ಕದ ಮಾತು ಆಡಿದರೆ ನಮ್ಮ ಕುಂದಾಪುರದ ನೆರೆಯವರಿಗೆ ದ್ರೋಹ ಬಗೆದಂತಾಗುತ್ತದೆ. ಅವರ ಕಷ್ಟ ನಾವು ಕಂಡಿದ್ದೇವೆ. ಗಾಡಿ ಅವರದಲ್ಲ, ಬೇರೊಬ್ಬ ಮಾಲಿಕನದು. ಪಾಳಿಗೆ ಇಷ್ಟೆಂದು ಬಾಡಿಗೆ ಮೊದಲು ಕಟ್ಟಬೇಕು, ಇಂಧನ ಹಾಕಿಸಬೇಕು, ಅದರ ಮೇಲೆ ಉಳಿದದ್ದು ಹೊಟ್ಟೆಗೆ. ಗೋವಾದಲ್ಲಿ ನಮ್ಮನ್ನು ಮರಳಿ ನಿಲ್ದಾಣಕ್ಕೆ ಬಿಟ್ಟವನೂ ತನ್ನ ಕಥೆ ಹೇಳಿದ. ಗಿರಾಕಿ ಹೆಚ್ಚಿರುವುದು ನಾಲ್ಕೈದು ತಿಂಗಳು, ಬ್ಯಾಂಕಿನ ಕಂತು ಹನ್ನೆರಡು ತಿಂಗಳು. ದೂರದ ಹೊಟೆಲಿಗೆ ಬಿಟ್ಟರೆ ಬರುವಾಗ ಗಾಡಿ ಬರಿದು. ಗಿರಾಕಿ ಕಳಿಸಿದ ಹೊಟೆಲಿನ ದಲ್ಲಾಳಿಗೂ ಪಾಲು ಕೊಡಬೇಕು. ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೆ ಬರಿದಾಗಿ ಬರುವ ಖರ್ಚನ್ನು ದರ ಗೊತ್ತುಮಾಡುವಾಗಲೇ ಸೇರಿಸಿ ಎಲ್ಲರಿಗೂ ಕಾಣುವಂತೆ ಹಲಗೆಯ ಮೇಲೆ ಬರೆದರೆ ಯಾರೂ ತಕರಾರು ಮಾಡುವುದಿಲ್ಲ. ಪ್ರವಾಸಿಗೆ ನೋವಾಗುವುದು ಹಣ ಹೆಚ್ಚಾದುದಕ್ಕಲ್ಲ, ತನ್ನ ಮುಖ ನೋಡಿ ದರ ಹೇಳಿದುದಕ್ಕೆ.

ನಮಗೆ ತಿಳಿದಂತೆ ಬೇನೆಯ ಮೂಲ ಇಷ್ಟೇ. ತರಕಾರಿಯವನಿಗೆ ನಾವು ನಾಳೆಯೂ ಬೇಕು. ಆದ್ದರಿಂದ ಅವನು ತೂಕದಲ್ಲಿ ಮೋಸ ಮಾಡಲು ಹೆದರುತ್ತಾನೆ, ಮೇಲಿಂದ ಎರಡು ಎಸಳು ಕೊತ್ತಂಬರಿಯನ್ನೂ ಹಾಕುತ್ತಾನೆ. ನಿಲ್ದಾಣದ ಟ್ಯಾಕ್ಸಿಯವನಿಗೆ ಪ್ರವಾಸಿ ಮತ್ತೆ ಸಿಗುವುದಿಲ್ಲ. ಸಿಕ್ಕಾಗಲೇ ಹಿಂಡಬೇಕೆಂಬ ಬುದ್ಧಿ ಅಲ್ಲಿ ಹುಟ್ಟುತ್ತದೆ. ಹಿಂಡಿದವನಿಗೆ ಆ ಹೊತ್ತಿಗೆ ಲಾಭ. ಅದರ ದಂಡ ತೆರುವವರು ಊರಿನ ಉಳಿದ ಎಲ್ಲರೂ, ಮೀಟರಿನಂತೆ ನಡೆಯುವ ಅವನದೇ ಜೊತೆಗಾರರೂ ಸೇರಿ.

ಈಗ ಎಲ್ಲಕ್ಕಿಂತ ಕಷ್ಟದ ಮಾತು. ಬೇರೆಯವರ ಊರನ್ನು ಆಡಿಕೊಳ್ಳುವುದು ಸುಲಭ. ಗೋವಾದ ಚರ್ಚುಗಳೂ ನಮ್ಮ ಹಂಪಿಯೂ 1986ರಲ್ಲೇ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಪ್ಪ ಮುಂಬಯಿಗೆ ಬಂದ ವರ್ಷವೇ. ಹಂಪಿಯನ್ನು ನೋಡಿ ಬನ್ನಿ, ನೋಡಿ ಬನ್ನಿ ಎಂದು ನಮ್ಮ ಮಹಡಿಯ ಮರಾಠಿ ಬಾಯಿಯೊಬ್ಬರ ಬೆನ್ನು ಹತ್ತಿ ಎರಡು ವರ್ಷದ ಕೆಳಗೆ ಅವರ ಸಂಸಾರವನ್ನು ಹೊರಡಿಸಿದೆವು. ಚೀಟಿಯಲ್ಲಿ ವಿಜಯವಿಠ್ಠಲ ದೇವಾಲಯದ ಕಲ್ಲಿನ ರಥ, ವಿರೂಪಾಕ್ಷ, ಕಮಲ ಮಹಲು, ಬಾದಾಮಿಯ ಗುಹೆಗಳು, ಕೊನೆಗೆ ಬೆಂಗಳೂರು ಎಂದು ಚಂದವಾಗಿ ಬರೆದುಕೊಟ್ಟೆವು. ರಿಕ್ಷಾದ ವಿಷಯ ಬರೆಯಲು ಮರೆತೆವು.

ಮರಳಿ ಬಂದ ಸಂಜೆ ಅವರು ಪ್ರಸಾದ ಕೊಡಲು ಬಂದರು. ಹಂಪಿಯನ್ನು ಹೊಗಳಿದರು. ಬಾದಾಮಿಯಲ್ಲಿ ರಿಕ್ಷಾದಲ್ಲಿ ಬಿಟ್ಟ ಚೀಲವನ್ನು ಚಾಲಕನೇ ವಸತಿಗೃಹಕ್ಕೆ ತಂದುಕೊಟ್ಟನೆಂದು ಹೊಗಳಿದರು. ಆಮೇಲೆ ಸ್ವಲ್ಪ ತಡೆದು, ಹೊಸಪೇಟೆಯಿಂದ ಹಂಪಿಗೆ ಕರೆದೊಯ್ದವನು ಒಪ್ಪಿದ್ದಕ್ಕಿಂತ ದುಪ್ಪಟ್ಟು ಕೇಳಿದ್ದು, ಬೇಡವೆಂದರೂ ಯಾವುದೋ ಅಂಗಡಿಯ ಮುಂದೆ ನಿಲ್ಲಿಸಿ ಅರ್ಧ ಗಂಟೆ ಕೂರಿಸಿದ್ದು, ಬೆಂಗಳೂರಿನಲ್ಲಿ ನಾಲ್ಕು ರಿಕ್ಷಾದವರು 'ಒನ್ ಅಂಡ್ ಹಾಫ್' ಎಂದದ್ದು, ಎಲ್ಲ ಹೇಳಿದರು. ಕೊನೆಗೆ ನಗುತ್ತಲೇ, 'ತುಮ್ಚ್ಯಾ ಗಾವಾತ್ ಮೀಟರ್ ನಸ್ತೋ ಕಾ ವಹಿನಿ?' ಎಂದು ನಮ್ಮ ಮನೆಯಾಕೆಯನ್ನು ಕೇಳಿದರು.

ನಿಮ್ಮ ಊರಲ್ಲಿ ಮೀಟರ್ ಇರುವುದಿಲ್ಲವೇ? ನಾವಿಬ್ಬರೂ ತಲೆ ತಗ್ಗಿಸಿದೆವು. ಮೂವತ್ತೇಳು ವರ್ಷದ ಹಿಂದೆ ನಮ್ಮ ನೆರೆಯವರು ಬಾಗಿಲಲ್ಲಿ ನಿಂತು ತಲೆ ತಗ್ಗಿಸಿದ್ದು ನೆನಪಾಯಿತು. ತಪ್ಪು ಮಾಡಿದವನು ಎಲ್ಲೋ ಇದ್ದಾನೆ, ನಾಚಿಕೆಪಡುವವನು ಇನ್ನೆಲ್ಲೋ. ಹೊರನಾಡಿನಲ್ಲಿರುವ ನಮಗೆ ಊರಿನ ಹೆಸರಿನ ಹೊಣೆ ಒಂದು ತೂಕ ಹೆಚ್ಚು. ಇಲ್ಲಿ ನಾವೇ ಕರ್ನಾಟಕ.

ಮೀಟರು ಇಲ್ಲವೆಂದಲ್ಲ, ಇದೆ. ದರವನ್ನು ಗೊತ್ತುಮಾಡುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯಿದೆ ರಾಜ್ಯಗಳಿಗೆ ಕೊಟ್ಟಿದೆ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ರಿಕ್ಷಾಕ್ಕೆ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಮುಂದೆ ಕಿಲೋಮೀಟರಿಗೆ 18 ರೂಪಾಯಿ ಎಂದು ಗೊತ್ತುಮಾಡಿದರು. ಮುಂಬಯಿಯಲ್ಲಿ 2025ರ ಫೆಬ್ರುವರಿ 1ರಿಂದ ಕಪ್ಪು-ಹಳದಿ ಟ್ಯಾಕ್ಸಿಗೆ ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿ ಆಯಿತು. ಕಬ್ಬಿಣದ ಮೀಟರು ಹೋಗಿ ವಿದ್ಯುನ್ಮಾನ ಮೀಟರು ಬಂದಮೇಲೆ ಇಲ್ಲಿ ಕಾರ್ಡಿನ ಗೊಂದಲ ಬಹುಮಟ್ಟಿಗೆ ಅಳಿಯಿತು. ಕೊನೆಯದಾಗಿ ನೋಂದಣಿಯಾಗಿದ್ದ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ಇಪ್ಪತ್ತು ವರ್ಷದ ಆಯುಷ್ಯ ಮುಗಿಸಿ 2023ರ ಅಕ್ಟೋಬರಿನಲ್ಲಿ ಬೀದಿಯಿಂದ ಮರೆಯಾದಾಗ ಊರೆಲ್ಲ ಹಳಹಳಿಸಿತು. ನಮಗೂ ಬೇಸರವಾಯಿತು, ಆದರೆ ಆ ಕಬ್ಬಿಣದ ಡಬ್ಬಿಗಾಗಿ ಅಲ್ಲ.

ಮುಂಬಯಿಯ ಬಗ್ಗೆ ಒಂದು ನ್ಯಾಯದ ಮಾತನ್ನೂ ಹೇಳಬೇಕು. ಈ ಊರಿನಲ್ಲಿ ನಾವು ಸಾವಿರ ಸಲ ಟ್ಯಾಕ್ಸಿ ಹತ್ತಿರಬಹುದು. ಬಾವುಟ ಇಳಿಸದೆ ಬಾಯಿಗೆ ಬಂದ ದರ ಹೇಳಿದವರು ಬೆರಳೆಣಿಕೆಯಷ್ಟು. ಎರಡು ರೂಪಾಯಿ ಚಿಲ್ಲರೆಯನ್ನೂ ಹುಡುಕಿ ಕೊಟ್ಟವರು ಅನೇಕರು. ಒಳ್ಳೆಯ ಸಾವಿರ ಜನರ ಪುಣ್ಯವನ್ನು ನಿಲ್ದಾಣದ ಬಾಗಿಲಲ್ಲಿ ನಿಂತ ಹತ್ತು ಜನ ತಿಂದುಹಾಕುತ್ತಾರೆ.

ಈಗಿನ ಕಾಲಕ್ಕೆ ಮೊಬೈಲು ಬಂದಿದೆ. ಹತ್ತುವ ಮೊದಲೇ ದರ ಕಾಣುತ್ತದೆ, ದಾರಿ ಕಾಣುತ್ತದೆ, ಸುತ್ತುಹಾಕಿದರೆ ಮೊಮ್ಮಗನೇ ಹಿಂದಿನ ಸೀಟಿನಿಂದ ಕೂಗುತ್ತಾನೆ. ಇದು ದೊಡ್ಡ ಉಪಕಾರ. ಆದರೆ ಮಳೆ ಬಂದಾಗ, ಹಬ್ಬ ಬಂದಾಗ ಅದೇ ಮೊಬೈಲು ದರವನ್ನು ಏರಿಸಿ ತೋರಿಸುತ್ತದೆ. 2025ರ ಜುಲೈಯಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯಲ್ಲಿ ಬೇಡಿಕೆ ಹೆಚ್ಚಿದ ಹೊತ್ತಿಗೆ ಮೂಲ ದರದ ಎರಡು ಪಟ್ಟಿನವರೆಗೆ ಅವಕಾಶ ಕೊಟ್ಟರು. ಹಿಂದೆ ಮನುಷ್ಯ ಬಾಯಿಂದ ಕೇಳುತ್ತಿದ್ದ, ಈಗ ಯಂತ್ರ ಕೇಳುತ್ತದೆ. ಹತ್ತುವ ಮೊದಲೇ ಹೇಳುತ್ತದೆಂಬುದಷ್ಟೇ ಸಮಾಧಾನ.

ನಮ್ಮ ಸಂಬಳವಿಲ್ಲದ ಇಲಾಖೆಯ ಸಹೋದ್ಯೋಗಿಗಳಲ್ಲಿ ಕೆಲವು ವಿನಂತಿ. ಊರಿಗೆ ಹೋಗುವವರಿಗೆ ಚೀಟಿ ಬರೆದುಕೊಡುವಾಗ ದೇವಾಲಯದ ಹೆಸರಿನ ಪಕ್ಕದಲ್ಲಿ ದೂರ ಎಷ್ಟು, ರಿಕ್ಷಾದವರಿಗೆ ಕೊಡಬಹುದಾದದ್ದು ಎಷ್ಟು ಎಂಬುದನ್ನೂ ಬರೆಯಿರಿ. ಮುಂಗಡ ಹಣ ಕಟ್ಟುವ ಪ್ರೀಪೇಯ್ಡ್ ಕೌಂಟರು ಇದ್ದಲ್ಲಿ ಅದನ್ನೇ ಬಳಸಲು ಹೇಳಿ, ಮನೆ ಮುಟ್ಟುವ ತನಕ ರಸೀತಿ ಕೈಬಿಡಬೇಡಿ ಎಂದೂ ಹೇಳಿ. ಗಾಡಿಯ ನಂಬರು ಬರೆದುಕೊಳ್ಳಲಿ. ಮೋಸವಾದರೆ ಒಂದು ದೂರು ಕೊಡಲಿ. ತನಗಾಗಿ ಅಲ್ಲ, ನಾಳೆ ಬರುವ ಮಾಸ್ತರರಿಗಾಗಿ. ಹಾಗೆಯೇ ಬಾದಾಮಿಯ ಆ ಚಾಲಕನಂಥವರು ಸಿಕ್ಕರೆ ಅದನ್ನೂ ಹತ್ತು ಮನೆಯಲ್ಲಿ ಹೇಳಲಿ. ಮೋಸದ ಕಥೆ ತಾನಾಗಿ ಓಡುತ್ತದೆ, ಒಳ್ಳೆಯದರ ಕಥೆಯನ್ನು ನಾವು ಹೊತ್ತು ನಡೆಯಬೇಕು. ಮನೆಗೆ ಬರುವ ಹಿರಿಯರ ಬಸ್ಸು ಏಳಕ್ಕೆಂದರೆ ಐದಕ್ಕೇ ಹೋಗಿ ನಿಲ್ಲಿ. ಈ ಕೊನೆಯ ಮಾತನ್ನು ನಾವು ತಡವಾಗಿ ಕಲಿತೆವು.

ಅಪ್ಪ 1999ರಲ್ಲಿ ತೀರಿಕೊಂಡರು. ಕಾರ್ಯವೆಲ್ಲ ಮುಗಿದ ಮೇಲೆ ಅವರ ಕಬ್ಬಿಣದ ಟ್ರಂಕು ತೆರೆದಾಗ ಖರ್ಚುವೆಚ್ಚದ ವಹಿಗಳು ಸಿಕ್ಕವು. ವರ್ಷಕ್ಕೊಂದು. ಪೋಸ್ಟ್ ಕಾರ್ಡಿನ ಪೈಸೆಯೂ ಬಿಡದೆ ಬರೆದಿಟ್ಟ ಲೆಕ್ಕ. 1986ರ ವಹಿ ತೆಗೆದೆವು. ಮುಂಬಯಿ ಪ್ರವಾಸವೆಂದು ಮೇಲೆ ಬರೆದು ಬಸ್ಸಿನ ಟಿಕೀಟು, ಮಕ್ಕಳಿಗೆ ಮಿಠಾಯಿ, ಸೊಸೆಗೆ ಖಣ ಎಂದು ಸಾಲಾಗಿ ಬರೆದಿದ್ದರು. ಆಮೇಲೆ ಎರಡು ಸಾಲು. ಟ್ಯಾಕ್ಸಿ, ಸಾಯನ್‌ನಿಂದ ಮನೆಗೆ, ರೂಪಾಯಿ 90. ಅದರ ಕೆಳಗೆ, ಟ್ಯಾಕ್ಸಿ, ಮನೆಯಿಂದ ಸಾಯನ್‌ಗೆ, ರೂಪಾಯಿ 7.

ಬೇರೆ ಏನೂ ಬರೆದಿರಲಿಲ್ಲ. ಲೆಕ್ಕ ಸರಿಯಾಗಿತ್ತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಅವರೇ ನಮಗೆ ಸಾಲೆಯಲ್ಲಿ ಬಾಯಿಪಾಠ ಮಾಡಿಸಿದ್ದರು.